ಮಗುವಿನ ಜೊತೆ ಕಟ್ಟುವ ಮೊದಲ ರೇಡಿಯೋ: ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿಯವರಿಗೆ ಯಾವ ಕಿಟ್ ಹೊಂದುತ್ತದೆ?

ರೇಡಿಯೋ ಕಿಟ್ ಕೊಳ್ಳುವವರು ಮೊದಲು ಡಬ್ಬಿಯ ಮೇಲಿನ ಚಿತ್ರ ನೋಡುತ್ತಾರೆ, ಆಮೇಲೆ ಬೆಲೆ. ಅದಕ್ಕಿಂತ ಮುಂಚೆ ನೋಡಬೇಕಾದದ್ದು ನಿಮ್ಮ ಮನೆಯಲ್ಲಿ ಯಾವ ನಿಲಯ ಎಷ್ಟು ಜೋರಾಗಿ ಸಿಗುತ್ತದೆ ಎಂಬುದನ್ನು. ಮಗು ಎರಡು ಭಾನುವಾರ ಕೂತು ಜೋಡಿಸಿದ ಮೇಲೆ ಬರೀ ಗೊರಗೊರ ಕೇಳಿಸಿದರೆ ಕಿಟ್ ಅಟ್ಟ ಸೇರುತ್ತದೆ, ಎರಡನೆಯ ಕಿಟ್‌ಗೆ ಯಾರೂ ಕೈ ಹಾಕುವುದಿಲ್ಲ.

ಈ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ (ರೇಡಿಯೋ ಮೇಲೆ ಎಎಂ ಎಂದು ಬರೆದಿರುವ ಪಟ್ಟಿ) ಪ್ರಸಾರ 765 ಕಿಲೋಹರ್ಟ್ಸ್‌ನಲ್ಲಿದೆ. ಪ್ರೇಷಕದ ಶಕ್ತಿ 200 ಕಿಲೋವ್ಯಾಟ್. ಹುಬ್ಬಳ್ಳಿ ಧಾರವಾಡದಿಂದ ಸುಮಾರು 20 ಕಿಲೋಮೀಟರ್. ಹುಬ್ಬಳ್ಳಿಯಿಂದ ಮುಂದೆ ಗದಗ 60 ಕಿಲೋಮೀಟರಿನಷ್ಟು, ಹಾವೇರಿ 75ರಷ್ಟು. ಇಷ್ಟು ಶಕ್ತಿಯ ನಿಲಯ ಇಷ್ಟು ಹತ್ತಿರವಿದ್ದರೆ ಬ್ಯಾಟರಿಯೇ ಇಲ್ಲದ ರೇಡಿಯೋ ಕೂಡ ಮಾತಾಡುತ್ತದೆ. ಆದ್ದರಿಂದ ಮೊದಲ ಕಿಟ್ ಎಫ್‌ಎಂ ಆಗಿರಲೇಬೇಕು ಎಂಬ ಅಂಗಡಿಯವರ ಮಾತನ್ನು ಪೂರ್ತಿ ನಂಬಬೇಡಿ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಮನೆಯಲ್ಲಿರುವ ಹಳೆಯ ಟ್ರಾನ್ಸಿಸ್ಟರ್ ಅಥವಾ ಎಎಂ ಇರುವ ಕಾರ್ ಸ್ಟೀರಿಯೋ ತೆಗೆದುಕೊಂಡು, ಬೆಳಿಗ್ಗೆ ಕಾರ್ಯಕ್ರಮ ನಡೆಯುವ ಹೊತ್ತಿನಲ್ಲಿ 765ಕ್ಕೆ ತಿರುಗಿಸಿ. ಮಧ್ಯಾಹ್ನ ಒಮ್ಮೆ ನೋಡಿ ಏನೂ ಬರಲಿಲ್ಲವೆಂದು ಕೈಬಿಡಬೇಡಿ, ಪ್ರಸಾರಕ್ಕೆ ಬಿಡುವಿನ ಹೊತ್ತೂ ಇರುತ್ತದೆ. ಕಿಟ್ ಎಲ್ಲಿ ಇಟ್ಟು ಕೇಳಬೇಕೆಂದಿದ್ದೀರೋ ಅದೇ ಕೋಣೆಯಲ್ಲಿ ಕೇಳಿ. ಆರ್‌ಸಿಸಿ ಮನೆಯ ನಡುಕೋಣೆಗೂ ಕಿಟಕಿ ಪಕ್ಕಕ್ಕೂ ಬಹಳ ವ್ಯತ್ಯಾಸ ಇರುತ್ತದೆ. ನಂತರ ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆರಿಸಿ. ಗದ್ದಲ ಯಾವುದರಿಂದ ಬರುತ್ತಿದೆ ಎಂದು ಆಗಲೇ ತಿಳಿಯುತ್ತದೆ. ಅಗ್ಗದ ಚಾರ್ಜರ್ ಒಂದೇ ಇಡೀ ಮೀಡಿಯಂ ವೇವನ್ನು ಮುಚ್ಚಿಹಾಕಬಲ್ಲದು. ಕರೆಂಟ್ ಹೋದಾಗ ರೇಡಿಯೋ ಎಷ್ಟು ಸ್ವಚ್ಛವಾಗಿ ಕೇಳುತ್ತದೆಂದು ಗಮನಿಸಿ. ಹೆಸ್ಕಾಂನವರು ಮಾಡುವ ಉಪಕಾರಗಳಲ್ಲಿ ಇದೂ ಒಂದು. ಎಫ್‌ಎಂ ಕಿಟ್ ಬೇಕೆಂದಿದ್ದರೆ ಅದೇ ರೀತಿ ಎಫ್‌ಎಂ ಪಟ್ಟಿಯನ್ನೂ ಒಮ್ಮೆ ತಿರುಗಿಸಿ, ಎಷ್ಟು ನಿಲಯ ಬರುತ್ತವೆಂದು ಎಣಿಸಿಕೊಳ್ಳಿ.

ಇಷ್ಟಾದ ಮೇಲೆ ನಿಮ್ಮ ಮುಂದಿರುವ ಆಯ್ಕೆಗಳು ಮುಖ್ಯವಾಗಿ ನಾಲ್ಕು: ಬ್ಯಾಟರಿ ಇಲ್ಲದ ಕ್ರಿಸ್ಟಲ್ ರೇಡಿಯೋ, ಮೂರು ಕಾಲಿನ ಒಂದೇ ಐಸಿಯ (ಹಲವು ಭಾಗಗಳನ್ನು ಒಳಗೆ ಸೇರಿಸಿದ ಪುಟ್ಟ ಚಿಪ್) ರೇಡಿಯೋ, ಆರೇಳು ಟ್ರಾನ್ಸಿಸ್ಟರಿನ ಸೂಪರ್‌ಹೆಟ್, ಮತ್ತು ಎಫ್‌ಎಂ.

ಕ್ರಿಸ್ಟಲ್ ರೇಡಿಯೋ

ಏಳರಿಂದ ಹತ್ತು ವರ್ಷದ ಮಗುವಿಗೆ, ಅದರಲ್ಲೂ ಹುಬ್ಬಳ್ಳಿ–ಧಾರವಾಡದ ಮನೆಗೆ, ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಒಂದು ಕಾಯಿಲ್ (ತಂತಿಯ ಸುರುಳಿ), ಒಂದು ಗ್ಯಾಂಗ್ ಕಂಡೆನ್ಸರ್ (ನಿಲಯ ಹಿಡಿಯಲು ತಿರುಗಿಸುವ ಭಾಗ), ಒಂದು ಡಯೋಡ್ (ವಿದ್ಯುತ್ತನ್ನು ಒಂದೇ ಕಡೆಗೆ ಬಿಡುವ ಭಾಗ), ಒಂದು ಇಯರ್‌ಫೋನ್; ಇಷ್ಟೇ ಭಾಗಗಳು. ಬೆಸುಗೆ ಬೇಕಿಲ್ಲ, ಸ್ಕ್ರೂ ಟರ್ಮಿನಲ್‌ನಲ್ಲೇ ಬಿಗಿಯಬಹುದು. ಕಿಟ್ ಕೊಂಡರೆ ಕಾಯಿಲನ್ನು ಮಗುವೇ ಸುತ್ತುವಂಥದ್ದನ್ನು ಕೊಳ್ಳಿ. ಸುತ್ತಿ ಬಂದ ಕಾಯಿಲ್ ಇರುವ ಕಿಟ್‌ನಲ್ಲಿ ಹತ್ತು ನಿಮಿಷದಲ್ಲಿ ಕೆಲಸ ಮುಗಿದುಹೋಗುತ್ತದೆ, ಮಗುವಿಗೆ ತಾನೇನು ಮಾಡಿದೆ ಎಂಬುದೇ ಉಳಿಯುವುದಿಲ್ಲ.

ಕಿಟ್ ಸಿಗದಿದ್ದರೂ ನಿಲ್ಲಬೇಕಿಲ್ಲ. ಹೊರವ್ಯಾಸ 75 ಮಿಲಿಮೀಟರ್ ಇರುವ ಪಿವಿಸಿ ಪೈಪಿನ ತುಂಡು 8 ಸೆಂಟಿಮೀಟರ್ ಉದ್ದ. ಅದರ ಮೇಲೆ 26 ಗೇಜ್ ಎನಾಮಲ್ ತಂತಿ 60 ಸುತ್ತು, ಒತ್ತೊತ್ತಾಗಿ. ಇದಕ್ಕೆ 14 ಮೀಟರ್ ತಂತಿ ಹಿಡಿಯುತ್ತದೆ, ತುದಿಗಳನ್ನೂ ಸೇರಿಸಿ 16 ಮೀಟರ್ ತನ್ನಿ. ಪಂಪು, ಫ್ಯಾನು ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ತೂಕದ ಮೇಲೆ ಕೊಡುತ್ತಾರೆ. ಇಂಥ ಕಾಯಿಲ್ ಸುಮಾರು 310 ಮೈಕ್ರೋಹೆನ್ರಿ ಆಗುತ್ತದೆ, 765ಕ್ಕೆ ಹೊಂದಲು ಅದರ ಅಡ್ಡಕ್ಕೆ 140 ಪಿಕೋಫ್ಯಾರಡ್ ಬೇಕು. ಹಳೆಯ ರೇಡಿಯೋದ ಗಾಳಿ ಗ್ಯಾಂಗ್‌ನಲ್ಲಿ ಇದು ಅರ್ಧ ತಿರುವಿಗಿಂತ ಮೊದಲೇ ಸಿಗುತ್ತದೆ. ಪಾಕೆಟ್ ರೇಡಿಯೋದ ಚೌಕ ಪಿವಿಸಿ ಗ್ಯಾಂಗ್ ಆದರೆ ಅದರೊಳಗಿನ 140 ಮತ್ತು 60 ಪಿಕೋಫ್ಯಾರಡಿನ ಎರಡೂ ಭಾಗ ಸೇರಿಸಿಕೊಳ್ಳಿ, ಒಂದೇ ಭಾಗದಲ್ಲಿ ನಿಲಯ ಕೊನೆಯ ಅಂಚಿಗೆ ಬಂದು ಕೂರುತ್ತದೆ.

ಡಯೋಡ್ ಜರ್ಮೇನಿಯಂ ಆಗಿರಬೇಕು: ಓಎ79 ಅಥವಾ 1ಎನ್34ಎ. ಇವು 0.2–0.3 ವೋಲ್ಟ್‌ಗೇ ದಾರಿ ಬಿಡುತ್ತವೆ. ನೋಡಲು ಹಾಗೇ ಇರುವ ಸಿಲಿಕಾನ್ 1ಎನ್4148ಕ್ಕೆ 0.6 ವೋಲ್ಟ್ ಬೇಕು. ಧಾರವಾಡ ಊರೊಳಗೆ ಅದರಿಂದಲೂ ಏನೋ ಕೇಳೀತು, ಗದಗಿನಲ್ಲಿ ಆಸೆ ಬಿಡಿ. ಅಗ್ಗದ ಕಿಟ್‌ಗಳು ಕೈಕೊಡುವ ಮೊದಲ ಜಾಗ ಇದು. ಎರಡನೆಯದು ಇಯರ್‌ಫೋನ್. ಮೊಬೈಲಿನ 32 ಓಮ್ ಇಯರ್‌ಫೋನ್ ಕ್ರಿಸ್ಟಲ್ ರೇಡಿಯೋಗೆ ಹೊಂದುವುದೇ ಇಲ್ಲ, ಇರುವ ಅಲ್ಪಸ್ವಲ್ಪ ಶಕ್ತಿಯನ್ನೂ ಅದು ನುಂಗಿಬಿಡುತ್ತದೆ. ಬೇಕಾದದ್ದು ಕ್ರಿಸ್ಟಲ್ ಇಯರ್‌ಫೋನ್, ಅಂದರೆ ಸಿರಾಮಿಕ್ ತಗಡಿನದು. ಪರೀಕ್ಷೆ ಸುಲಭ: ಮಲ್ಟಿಮೀಟರ್‌ನ ಓಮ್ ಅಳತೆಯಲ್ಲಿ ಇದು ತುಂಡಾದ ತಂತಿಯಂತೆ ಏನೂ ತೋರಿಸುವುದಿಲ್ಲ, ಆದರೆ ಕಿವಿಯಲ್ಲಿಟ್ಟು ತುದಿಗಳನ್ನು ಒಂದು ಸೆಲ್ಲಿಗೆ ಮುಟ್ಟಿಸಿದರೆ ಟಿಕ್ ಎನ್ನುತ್ತದೆ. 32 ಎಂದು ತೋರಿಸಿದರೆ ಅಂಗಡಿಗೆ ವಾಪಸ್. ಈ ಇಯರ್‌ಫೋನಿನ ಅಡ್ಡಕ್ಕೆ 47 ಕಿಲೋಓಮ್ ರೆಸಿಸ್ಟರ್ ಹಾಕಬೇಕು, ಬಣ್ಣ ಹಳದಿ–ನೇರಳೆ–ಕಿತ್ತಳೆ. ಇದಿಲ್ಲದಿದ್ದರೆ ಡಯೋಡಿನಿಂದ ಬಂದ ವಿದ್ಯುತ್ತಿಗೆ ಹೊರಹೋಗಲು ದಾರಿಯಿಲ್ಲದೆ ದನಿ ಒಡೆದು ಕ್ಷೀಣವಾಗುತ್ತದೆ. ಬಹಳ ಕಿಟ್‌ಗಳಲ್ಲಿ ಈ ರೆಸಿಸ್ಟರನ್ನೇ ಬಿಟ್ಟಿರುತ್ತಾರೆ.

ಇನ್ನು ಏರಿಯಲ್ ಮತ್ತು ಅರ್ಥಿಂಗ್. ಕ್ರಿಸ್ಟಲ್ ರೇಡಿಯೋದ ಯಶಸ್ಸು ಮುಕ್ಕಾಲು ಪಾಲು ಇದರಲ್ಲೇ ಇದೆ. ಧಾರವಾಡದೊಳಗೆ ಕಿಟಕಿಯಿಂದ ಇಳಿಬಿಟ್ಟ ನಾಲ್ಕೈದು ಮೀಟರ್ ತಂತಿ ಸಾಕಾಗುತ್ತದೆ. ಗದಗ, ಹಾವೇರಿ, ರಾಣೆಬೆನ್ನೂರಿಗೆ ಮಾಳಿಗೆಯ ಮೇಲೆ 15ರಿಂದ 20 ಮೀಟರ್ ತಂತಿ ಎಳೆಯಬೇಕು, ಎರಡೂ ತುದಿಗೆ ನೈಲಾನ್ ಹಗ್ಗ ಕಟ್ಟಿ, ಗೋಡೆಗೂ ಟಿನ್ ಶೀಟಿಗೂ ತಾಗದಂತೆ. ವಿದ್ಯುತ್ ತಂತಿಯ ಮೇಲಿಂದಾಗಲಿ ಕೆಳಗಿನಿಂದಾಗಲಿ ಪಕ್ಕದಿಂದಾಗಲಿ ಹಾಯಿಸಲೇಬಾರದು. ತುಂಡಾಗಿ ಬಿದ್ದರೂ ಕರೆಂಟ್ ತಂತಿ ಮುಟ್ಟದಷ್ಟು ದೂರವಿರಲಿ. ಅರ್ಥಿಂಗ್‌ಗೆ ನಲ್ಲಿ ಸಾಕು ಎಂದು ಹಳೆಯ ಪುಸ್ತಕಗಳು ಹೇಳುತ್ತವೆ, ಈಗಿನ ಮನೆಯ ನಲ್ಲಿಯ ಹಿಂದೆ ಪ್ಲಾಸ್ಟಿಕ್ ಪೈಪ್ ಇರುವುದರಿಂದ ಆ ಮಾತು ನಡೆಯುವುದಿಲ್ಲ. ಒಂದು ಮೀಟರ್ ಉದ್ದದ ಜಿಐ ಪೈಪನ್ನು ಹಿತ್ತಲಲ್ಲಿ ಹುಗಿಯಿರಿ. ಎರೆ ಭೂಮಿಯವರಿಗೆ ಮಳೆಗಾಲದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಬೇಸಿಗೆಯಲ್ಲಿ ನೆಲ ಬಿರಿದು ಪೈಪಿನ ಸುತ್ತ ಸಂದು ಬಿಟ್ಟಾಗ ದನಿ ಇಳಿಯುತ್ತದೆ. ಒಂದು ಕೊಡ ನೀರು ಸುರಿದರೆ ದನಿ ಮರಳುತ್ತದೆ, ಮಗುವಿಗೆ ಇದೇ ಒಂದು ಪ್ರಯೋಗ. ಗೋಡೆಯ ಪ್ಲಗ್ಗಿನ ಅರ್ಥ್ ರಂಧ್ರಕ್ಕೆ ತಂತಿ ಹಾಕುವುದು ಮಾತ್ರ ಬೇಡವೇ ಬೇಡ. ವೈರಿಂಗ್ ಎಲ್ಲಿ ತಪ್ಪಿದೆಯೋ ಹೊರಗಿನಿಂದ ಕಾಣುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಸಂಜೆ ಗುಡುಗು ಶುರುವಾಗುವ ಲಕ್ಷಣ ಕಂಡರೆ ಏರಿಯಲ್ ತುದಿಯನ್ನು ರೇಡಿಯೋದಿಂದ ಬಿಚ್ಚಿ ಮನೆಯ ಹೊರಗೆ ಹಾಕಿ. ಮೋಡ ತಲೆಯ ಮೇಲೆ ಬಂದಮೇಲೆ ಆ ತಂತಿಯನ್ನು ಮುಟ್ಟಲೂಬಾರದು.

ಈ ರೇಡಿಯೋದ ಮಿತಿಯನ್ನೂ ಹೇಳಬೇಕು. ಒಂದೇ ನಿಲಯ ಬರುತ್ತದೆ, ಇಯರ್‌ಫೋನಿನಲ್ಲಿ ಒಬ್ಬರೇ ಕೇಳಬೇಕು, ಅಜ್ಜ–ಅಜ್ಜಿಗೆ ಕೇಳಿಸಲು ಸ್ಪೀಕರ್ ಇಲ್ಲ. ಬಾಡಿಗೆ ಮನೆಯ ಎರಡನೆಯ ಮಹಡಿಯಲ್ಲಿದ್ದು, ಮಾಳಿಗೆಗೆ ಹೋಗಲು ಮಾಲೀಕರು ಬಿಡದಿದ್ದರೆ, ಗದಗ–ಹಾವೇರಿಯಲ್ಲಿ ಇದನ್ನು ಆರಿಸಬೇಡಿ.

ಮೂರು ಕಾಲಿನ ಐಸಿ

ಅಂಥವರಿಗೆ ಟಿಎ7642. ಟ್ರಾನ್ಸಿಸ್ಟರಿನಂತೆ ಕಾಣುವ ಈ ಐಸಿಯ ಮೂಲ 1972ರ ಸುಮಾರಿಗೆ ಬ್ರಿಟನ್ನಿನ ಫೆರಾಂಟಿ ಕಂಪನಿ ತಂದ ಝಡ್‌ಎನ್414. ಎಂಕೆ484 ಎಂಬ ಹೆಸರಿನದೂ ಇದೇ ಜಾತಿಯದು. ಏರಿಯಲ್, ಅರ್ಥಿಂಗ್ ಯಾವುದೂ ಬೇಡ, 10 ಸೆಂಟಿಮೀಟರಿನ ಫೆರೈಟ್ ಕಡ್ಡಿಯ (ಪಾಕೆಟ್ ರೇಡಿಯೋದೊಳಗೆ ಇರುವ ಕಪ್ಪು ಕಡ್ಡಿ) ಮೇಲೆ 65–70 ಸುತ್ತಿನ ಕಾಯಿಲ್ ಇದ್ದರೆ ಅದೇ ಏರಿಯಲ್. ಉಳಿದ ಭಾಗಗಳು: ಗ್ಯಾಂಗ್ ಒಂದು, 100 ಕಿಲೋಓಮ್ ಮತ್ತು 1 ಕಿಲೋಓಮ್ ರೆಸಿಸ್ಟರ್ ಒಂದೊಂದು, 0.01 ಮತ್ತು 0.1 ಮೈಕ್ರೋಫ್ಯಾರಡ್ ಕಂಡೆನ್ಸರ್ ಒಂದೊಂದು, 1.5 ವೋಲ್ಟಿನ ಒಂದು ಸೆಲ್, ಕ್ರಿಸ್ಟಲ್ ಇಯರ್‌ಫೋನ್. ಒಂದು ಮಿಲಿಆಂಪಿಯರಿಗೂ ಕಡಿಮೆ ವಿದ್ಯುತ್ ಎಳೆಯುವುದರಿಂದ ಪೆನ್‌ಸೆಲ್ ತಿಂಗಳುಗಟ್ಟಲೆ ಬರುತ್ತದೆ.

ಒಂಬತ್ತರಿಂದ ಹನ್ನೆರಡರವರೆಗಿನ ಮಕ್ಕಳಿಗೆ, ಮೂರೂ ಜಿಲ್ಲೆಗೆ ಸೇರಿಸಿ ಒಂದೇ ಕಿಟ್ ಹೇಳಬೇಕೆಂದರೆ ನಮ್ಮ ಮತ ಇದಕ್ಕೆ. ಮೊದಲು ಬ್ರೆಡ್‌ಬೋರ್ಡಿನ (ತೂತುಗಳಿಗೆ ಕಾಲು ಚುಚ್ಚಿ ಜೋಡಿಸುವ, ಒಳಗೆ ಲೋಹದ ಪಟ್ಟಿಗಳಿರುವ ಹಲಗೆ) ಮೇಲೆ ಬೆಸುಗೆ ಇಲ್ಲದೆ ಕಟ್ಟಿ, ಕೇಳಿದ ಮೇಲೆ ಅವೇ ಭಾಗಗಳನ್ನು ಬೋರ್ಡಿಗೆ ಬೆಸೆಯಬಹುದು. ಮೀಡಿಯಂ ವೇವ್‌ನಲ್ಲಿ ಬ್ರೆಡ್‌ಬೋರ್ಡ್ ತೊಂದರೆ ಕೊಡುವುದಿಲ್ಲ. ಎಫ್‌ಎಂಗೆ ಅದು ಆಗದು, ಪಕ್ಕಪಕ್ಕದ ಪಟ್ಟಿಗಳ ನಡುವಿನ ಕೆಲವೇ ಪಿಕೋಫ್ಯಾರಡ್ 100 ಮೆಗಾಹರ್ಟ್ಸ್‌ನಲ್ಲಿ ಎಲ್ಲ ಲೆಕ್ಕ ಕೆಡಿಸುತ್ತದೆ.

ತಪ್ಪುವ ಜಾಗಗಳು ಮೂರು. ಮೊದಲನೆಯದು ವೋಲ್ಟೇಜ್: ಸ್ಪೀಕರ್ ಇರಲಿ ಎಂದು ಎಲ್‌ಎಂ386 ಆಂಪ್ಲಿಫೈಯರ್ ಸೇರಿಸಿದ ಕಿಟ್‌ನಲ್ಲಿ 9 ವೋಲ್ಟ್ ಬ್ಯಾಟರಿ ಇರುತ್ತದೆ. ಅದನ್ನು ನೇರ ಟಿಎ7642ಗೆ ಕೊಡುವಂತಿಲ್ಲ. ಎರಡು ಸಿಲಿಕಾನ್ ಡಯೋಡನ್ನು ಸಾಲಾಗಿ ಹಾಕಿ ಅದರ ಮೇಲಿನ 1.2–1.4 ವೋಲ್ಟ್ ಕೊಡಬೇಕು, ಕಿಟ್‌ನ ನಕ್ಷೆಯಲ್ಲಿ ಇದು ಇದೆಯೇ ನೋಡಿ. ಎರಡನೆಯದು ಕಾಲುಗಳ ಸಾಲು: ಒಂದೇ ಕೆಲಸದ ಐಸಿಗಳಾದರೂ ತಯಾರಿಕೆಯ ಪ್ರಕಾರ ಸಾಲು ತಿರುವುಮುರುವು ಆಗಿರುತ್ತದೆ, ಆ ಐಸಿಯ ನಕ್ಷೆ ನೋಡದೆ ಬೆಸೆಯಬೇಡಿ. ಮೂರನೆಯದು ಸಿಳ್ಳು: ಕಂಡೆನ್ಸರಿನ ಕಾಲು ಉದ್ದ ಬಿಟ್ಟರೆ, ಅಥವಾ ಇಯರ್‌ಫೋನ್ ತಂತಿ ಫೆರೈಟ್ ಕಡ್ಡಿಯ ಪಕ್ಕ ಹಾದರೆ ಸಿಳ್ಳೆ ಶುರು. ಕಾಲು ಗಿಡ್ಡ ಮಾಡಿ, ತಂತಿ ದೂರ ಸರಿಸಿ.

ಧಾರವಾಡದವರಿಗೆ ಇನ್ನೊಂದು ತೊಂದರೆ, ಅಬ್ಬರ. ನಿಲಯ ತೀರಾ ಹತ್ತಿರವಿದ್ದರೆ ಗ್ಯಾಂಗ್ ಎಲ್ಲಿಗೆ ತಿರುಗಿಸಿದರೂ ಅದೇ ಕೇಳುತ್ತದೆ, ದನಿಯೂ ಒಡೆಯುತ್ತದೆ. ಕಡ್ಡಿಯನ್ನು ಮಲಗಿಸಿದಂತೆಯೇ ತಿರುಗಿಸುತ್ತ ಹೋದರೆ ಒಂದು ಕಡೆ ದನಿ ತಟ್ಟನೆ ಕುಸಿಯುತ್ತದೆ. ಕಡ್ಡಿಯ ತುದಿ ಪ್ರೇಷಕದ ಕಡೆ ಮುಖ ಮಾಡಿದ ಸ್ಥಾನ ಅದು. ಗದಗಿನಲ್ಲಿ ಆ ತುದಿ ಹೆಚ್ಚುಕಡಿಮೆ ಪಡುವಣಕ್ಕೆ, ಹುಬ್ಬಳ್ಳಿಯಲ್ಲಿ ವಾಯವ್ಯಕ್ಕೆ, ಹಾವೇರಿಯಲ್ಲಿ ಬಡಗಣದಿಂದ ತುಸು ಪಡುವಣಕ್ಕೆ ವಾಲಿರಬೇಕು. ಮಗುವಿನ ಕೈಗೆ ದಿಕ್ಸೂಚಿ ಕೊಟ್ಟು ತಾಳೆ ನೋಡಿಸಿ.

ಸೂಪರ್‌ಹೆಟ್

ಹದಿಮೂರು ದಾಟಿದ, ಬೆಸುಗೆ ಕೈಗೆ ಹತ್ತಿದ ಮಕ್ಕಳಿಗೆ ಮಾತ್ರ. ಇದೇ ಮೊದಲ ಕಿಟ್ ಆಗಬಾರದು. ಆನ್‌ಲೈನ್‌ನಲ್ಲಿ ಕಾಣುವ ಚೀನಾದ ಏಳು ಟ್ರಾನ್ಸಿಸ್ಟರಿನ ಎಚ್‌ಎಕ್ಸ್108-2 ಈ ಜಾತಿಯದು, ಎರಡು ಪೆನ್‌ಸೆಲ್ಲಿನ ಮೇಲೆ ನಡೆಯುತ್ತದೆ. ಕೈಪಿಡಿ ಚೀನೀ ಭಾಷೆಯಲ್ಲಿರುತ್ತದೆ, ನಕ್ಷೆ ಮಾತ್ರ ಓದಬಹುದು.

ಈ ರೇಡಿಯೋ ಬಂದ ಸಂಕೇತವನ್ನು ಒಳಗಿನ ಆಂದೋಲಕದ (ತಾನೇ ಅಲೆ ಹುಟ್ಟಿಸುವ ಭಾಗ) ಜೊತೆ ಬೆರೆಸಿ 455 ಕಿಲೋಹರ್ಟ್ಸ್‌ಗೆ ಇಳಿಸುತ್ತದೆ, ಚೀನೀ ಕಿಟ್‌ಗಳಲ್ಲಿ 465. ಅದರಿಂದಲೇ ನಿಲಯಗಳು ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತವೆ. ಸೂರ್ಯ ಮುಳುಗಿದ ಮೇಲೆ ಬೆಂಗಳೂರಿನ 612, ಹೈದರಾಬಾದಿನ 738 ಹುಡುಕಿ ನೋಡಬಹುದು. 738 ನಮ್ಮ 765ರಿಂದ ಮೂರೇ ಚಾನೆಲ್ ಆಚೆ, ಹಾಗಾಗಿ ಗದಗಿನವರಿಗೆ ಬಿಡಿಸಿ ಕೇಳಲು ಆದೀತು, ಧಾರವಾಡದವರಿಗೆ ಕಷ್ಟ.

ಕಟ್ಟಿ ಮುಗಿದರೂ ಮೂಕವಾಗಿರುವ ಸೂಪರ್‌ಹೆಟ್‌ಗಳಲ್ಲಿ ಹೆಚ್ಚಿನವಕ್ಕೆ ಕಾರಣ ಫೆರೈಟ್ ಕಾಯಿಲಿನ ತುದಿ. ಕೂದಲಿನಷ್ಟು ತೆಳು ಎಳೆಗಳ ಕಟ್ಟಾದ ಆ ತಂತಿಯ ಪ್ರತಿ ಎಳೆಗೂ ಎನಾಮಲ್ ಇರುತ್ತದೆ. ಅದನ್ನು ಸುಟ್ಟು ತೆಗೆಯದೆ ಬೆಸೆದರೆ ಹೊರಗೆ ಬೆಸುಗೆ ಹೊಳೆಯುತ್ತದೆ, ಒಳಗೆ ಸಂಪರ್ಕವಿಲ್ಲ. ಮಲ್ಟಿಮೀಟರ್‌ನಲ್ಲಿ ಎರಡು ತುದಿಯ ನಡುವೆ ಕೆಲವೇ ಓಮ್ ತೋರಿಸಬೇಕು. ಎರಡನೆಯ ಕಾರಣ: ಪ್ರತಿ ಹಂತದ ವಿದ್ಯುತ್ ಅಳೆಯಲೆಂದು ಬೋರ್ಡಿನ ತಾಮ್ರದ ಗೆರೆಯಲ್ಲಿ ಬೇಕಂತಲೇ ಬಿಟ್ಟ ಸಣ್ಣ ಸಂದುಗಳು. ಅಳೆದ ಮೇಲೆ ಅವನ್ನು ಬೆಸುಗೆಯಿಂದ ಮುಚ್ಚಬೇಕೆಂದು ಚೀನೀ ಕೈಪಿಡಿ ಹೇಳಿರುತ್ತದೆ, ನಮಗೆ ಓದಲು ಬರುವುದಿಲ್ಲ. ಆಂದೋಲಕ ನಡೆಯುತ್ತಿದೆಯೇ ಎಂದು ತಿಳಿಯಲು ಇನ್ನೊಂದು ರೇಡಿಯೋವನ್ನು ಪಕ್ಕದಲ್ಲಿಟ್ಟು 1220ರ ಸುತ್ತ ಇರಿಸಿ, ಕಿಟ್‌ನ ಗ್ಯಾಂಗ್‌ ಅನ್ನು 765ರ ಆಚೀಚೆ ತಿರುಗಿಸಿ. ಒಂದು ಕಡೆ ಆ ರೇಡಿಯೋದ ಗೊರಗೊರ ತಟ್ಟನೆ ಅಡಗಿದರೆ ಆಂದೋಲಕ ಜೀವಂತವಾಗಿದೆ, ದೋಷ ಮುಂದಿನ ಹಂತದಲ್ಲಿದೆ. 465ರ ಕಿಟ್ ಆದರೆ 1230.

ಬಣ್ಣದ ತಲೆಯ ಐಎಫ್‌ಟಿಗಳನ್ನು (ಆ 455 ಅಥವಾ 465ಕ್ಕೆ ಹೊಂದಿಸಿದ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳನ್ನು) ನಿಲಯ ಕೇಳುವ ಮುಂಚೆ ತಿರುಗಿಸಲೇಬೇಡಿ, ಕಾರ್ಖಾನೆಯಲ್ಲಿ ಹತ್ತಿರಕ್ಕೆ ಇಟ್ಟಿರುತ್ತಾರೆ. ಆಮೇಲೆ ತಿರುಗಿಸುವಾಗಲೂ ಕಬ್ಬಿಣದ ಸ್ಕ್ರೂಡ್ರೈವರ್ ಬೇಡ. ಅದು ಹತ್ತಿರ ಬಂದರೇ ಟ್ಯೂನಿಂಗ್ ಸರಿಯುತ್ತದೆ, ಒತ್ತಿದರೆ ಫೆರೈಟ್ ತಲೆ ಸೀಳುತ್ತದೆ. ಹೆಣಿಗೆಯ ಪ್ಲಾಸ್ಟಿಕ್ ಕಡ್ಡಿಯ ತುದಿ ಕೆತ್ತಿದರೆ ಸಾಕು. ಡಯಲಿನ ಕೆಳತುದಿಯನ್ನು, ಅಂದರೆ 600ರ ಆಸುಪಾಸನ್ನು, ಆಂದೋಲಕದ ಕೆಂಪು ತಲೆ ಮತ್ತು ಫೆರೈಟ್ ಮೇಲಿನ ಕಾಯಿಲ್ ಸರಿಸಿ ಹೊಂದಿಸಬೇಕು. ಮೇಲುತುದಿಯನ್ನು ಗ್ಯಾಂಗಿನ ಬೆನ್ನಿನ ಟ್ರಿಮ್ಮರ್‌ನಿಂದ (ಸ್ಕ್ರೂನಂತೆ ತಿರುಗಿಸುವ ಪುಟ್ಟ ಕಂಡೆನ್ಸರ್). ಎರಡನ್ನೂ ಎರಡು ಮೂರು ಸಲ ಮಾಡಬೇಕು, ಒಂದು ಸರಿದರೆ ಇನ್ನೊಂದು ಸರಿಯುತ್ತದೆ. ಕೊನೆಗೆ ಕಾಯಿಲ್ ಜಾರದಂತೆ ಮೇಣದ ಹನಿ.

ಎಫ್‌ಎಂ

ಊರೊಳಗಿನ ಮನೆ, ಮಗುವಿಗೆ ಸಿನಿಮಾ ಹಾಡೇ ಬೇಕು, ಮೀಡಿಯಂ ವೇವ್‌ನಲ್ಲಿ ಗದ್ದಲ ತಡೆಯಲಾಗುವುದಿಲ್ಲ ಎಂದಾದರೆ ಎಫ್‌ಎಂ ಕಿಟ್ ಸರಿ. ಹುಬ್ಬಳ್ಳಿ–ಧಾರವಾಡದವರಿಗೆ ನಿಲಯಗಳ ಕೊರತೆಯಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿ 2007ರಿಂದ ಇದೆ, 90.4 ಮೆಗಾಹರ್ಟ್ಸ್, ಸಮುದಾಯ ಬಾನುಲಿಗಳಿಗೆ 100 ವ್ಯಾಟಿನ ಮಿತಿ ಇರುವುದರಿಂದ ಹತ್ತು ಹದಿನೈದು ಕಿಲೋಮೀಟರ್ ಆಚೆ ಅದನ್ನು ನಿರೀಕ್ಷಿಸಬೇಡಿ. ಎಫ್‌ಎಂ ಅಲೆ ನೇರ ನೋಟದ ದಾರಿಯಲ್ಲಿ ಹೋಗುತ್ತದೆ. ಕಪ್ಪತಗುಡ್ಡದ ಮರೆಯಲ್ಲಿರುವ ಊರಿನವರು ಕಿಟ್‌ಗೆ ದುಡ್ಡು ಹಾಕುವ ಮುಂಚೆ ಮೇಲೆ ಹೇಳಿದ ಎಣಿಕೆ ಮಾಡಿಯೇ ಮುಂದುವರಿಯಿರಿ.

ಇದರಲ್ಲಿ ಎರಡು ಬಗೆ. ಟಿಡಿಎ7088 ಅಥವಾ ಎಸ್‌ಸಿ1088 ಐಸಿಯದು: ಸ್ಕ್ಯಾನ್, ರಿಸೆಟ್ ಎಂಬ ಎರಡು ಗುಂಡಿ, ಒತ್ತಿದರೆ ಮುಂದಿನ ನಿಲಯಕ್ಕೆ ಹಾರುತ್ತದೆ. ಐಸಿಯ ಕಾಲುಗಳ ಅಂತರ 1.27 ಮಿಲಿಮೀಟರ್, ಹೊಸಬರ ಕೈಗೆ ಕಷ್ಟ. ಐಸಿಯನ್ನು ಬೆಸೆದೇ ಕಳಿಸುವ ಕಿಟ್ ಆರಿಸಿ. ಹಾಡು ಡಯಲಿನ ಒಂದು ತುದಿಗೆ ಸರಿದಿದ್ದರೆ ಬರಿಗಾಳಿಯ ಸಣ್ಣ ಕಾಯಿಲಿನ ಸುತ್ತುಗಳನ್ನು ತುಸು ಅಗಲಿಸಿ ಅಥವಾ ಒತ್ತಿ. ಅಗಲಿಸಿದರೆ ಪಟ್ಟಿ ಮೇಲಕ್ಕೆ, ಒತ್ತಿದರೆ ಕೆಳಕ್ಕೆ. ಇನ್ನೊಂದು ಆರ್‌ಡಿಎ5807 ಡಿಜಿಟಲ್ ಮಾಡ್ಯೂಲ್, ಪರದೆಯಲ್ಲಿ ಆವರ್ತನ ಕಾಣುತ್ತದೆ, ದನಿ ಸ್ವಚ್ಛ. ಅದಕ್ಕೆ 3.3 ವೋಲ್ಟ್ ಬೇಕು, 5 ಕೊಟ್ಟರೆ ಸುಟ್ಟೀತು. ಕೋಡಿಂಗ್ ಕಲಿಯುವ ಮಗುವಿಗೆ ಒಳ್ಳೆಯದು, ಆದರೆ ರೇಡಿಯೋ ಹೇಗೆ ಕೆಲಸ ಮಾಡುತ್ತದೆ ಎಂಬುದೆಲ್ಲ ಆ ಪುಟ್ಟ ಚಿಪ್ಪಿನೊಳಗೇ ಮುಚ್ಚಿಹೋಗಿರುತ್ತದೆ. ಎರಡರಲ್ಲೂ ಮೊಬೈಲ್ ಇಯರ್‌ಫೋನ್ ನಡೆಯುತ್ತದೆ, ಅದರ ತಂತಿಯೇ ಏರಿಯಲ್. ಅದನ್ನು ಸುರುಳಿ ಸುತ್ತಿ ಇಟ್ಟುಕೊಂಡು ನಿಲಯ ಬರುವುದಿಲ್ಲ ಎನ್ನುವವರು ಬಹಳ.

ಕಿಟ್ ಮಾರುವವರ ಪಟ್ಟಿಯಲ್ಲಿ ಎಫ್‌ಎಂ ಟ್ರಾನ್ಸ್‌ಮಿಟರ್ ಕಿಟ್‌ಗಳೂ ಕಾಣಿಸುತ್ತವೆ, ಬೆಲೆ ಇನ್ನೂ ಕಡಿಮೆ. ಕೇಳುವ ರೇಡಿಯೋಗೆ ಲೈಸೆನ್ಸ್ ಬೇಕಿಲ್ಲ, ಪ್ರಸಾರ ಮಾಡುವುದಕ್ಕೆ ಬೇಕು. ಅದನ್ನು ಬಿಡಿ.

ಬೆಸುಗೆಯ ಸಾಮಾನು

ಮೊದಲ ಕಿಟ್‌ಗಿಂತ ಇದಕ್ಕೇ ಹೆಚ್ಚು ಖರ್ಚಾಗುತ್ತದೆ, ಆದರೆ ಮುಂದಿನ ಎಲ್ಲ ಕಿಟ್‌ಗೂ ಬರುತ್ತದೆ. 25 ವ್ಯಾಟಿನ ಚೂಪು ತುದಿಯ ಐರನ್, ಅದಕ್ಕೆ ಸ್ಟ್ಯಾಂಡ್, ಒಳಗೆ ರೋಸಿನ್ ಇರುವ 0.8 ಮಿಲಿಮೀಟರಿನ 60/40 ಸೋಲ್ಡರ್, ಸಣ್ಣ ಕಟರ್, ಡಿಜಿಟಲ್ ಮಲ್ಟಿಮೀಟರ್. 60 ವ್ಯಾಟಿನ ಐರನ್ ಅಗ್ಗವಾಗಿ ಸಿಕ್ಕರೂ ಬೇಡ, ಬೋರ್ಡಿನ ತಾಮ್ರ ಎದ್ದುಬರುತ್ತದೆ. ಪಿವಿಸಿ ಗ್ಯಾಂಗಿನ ಕಾಲಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಐರನ್ ಹಿಡಿಯಬಾರದು, ಒಳಗಿನ ಪ್ಲಾಸ್ಟಿಕ್ ಹಾಳೆ ಕರಗಿ ತಟ್ಟೆಗಳು ಒಂದಕ್ಕೊಂದು ತಾಗುತ್ತವೆ. ಜರ್ಮೇನಿಯಂ ಡಯೋಡ್ ಬೆಸೆಯುವಾಗ ಐರನ್‌ಗೂ ಡಯೋಡಿಗೂ ನಡುವೆ ಕಾಲನ್ನು ನೋಸ್ ಪ್ಲೈಯರ್‌ನಿಂದ ಹಿಡಿದರೆ ಬಿಸಿ ಅಲ್ಲೇ ಇಳಿಯುತ್ತದೆ. ಈ ಸೋಲ್ಡರಿನಲ್ಲಿ ಸೀಸ ಇರುತ್ತದೆ: ಕಿಟಕಿ ತೆರೆದಿರಲಿ, ಬೆಸೆಯುವ ಮೇಜಿನ ಮೇಲೆ ತಿಂಡಿ ತಟ್ಟೆ ಬೇಡ, ಎದ್ದ ಕೂಡಲೇ ಮಗು ಸಾಬೂನಿನಿಂದ ಕೈ ತೊಳೆಯಲಿ. ಹತ್ತು ವರ್ಷದೊಳಗಿನವರಿಗೆ ಐರನ್ ದೊಡ್ಡವರ ಕೈಯಲ್ಲಿರಲಿ, ಸೋಲ್ಡರ್ ತಂತಿ ಮಗುವಿನ ಕೈಯಲ್ಲಿ. ಎಲ್ಲಿ ಮುಟ್ಟಿಸಬೇಕು, ಯಾವಾಗ ತೆಗೆಯಬೇಕು ಎಂದು ಅದೇ ಹೇಳಲಿ.